ಸ್ಟಿಕ್ ಡ್ರಿಫ್ಟ್‌ಗೆ ಶಾಶ್ವತ ಪರಿಹಾರ: ಡ್ಯುಯಲ್‌ಶಾಕ್ 4 ಕಂಟ್ರೋಲರ್‌ಗೆ ಹಾಲ್ ಮಾಡ್ಯೂಲ್ ಬೆಸೆಯುವ ಸಮಗ್ರ ಮಾರ್ಗದರ್ಶಿ

ಪ್ಲೇಸ್ಟೇಷನ್ 4ರ ಜೊತೆಗೆ 2013ರಲ್ಲಿ ಬಂದ ಡ್ಯುಯಲ್‌ಶಾಕ್ 4 ಕಂಟ್ರೋಲರ್ ತುಮಕೂರಿನ ಮನೆಗಳಲ್ಲಿಯೂ ವಿದ್ಯಾರ್ಥಿಗಳ ಹಾಸ್ಟೆಲ್ ಕೋಣೆಗಳಲ್ಲಿಯೂ ಇಂದಿಗೂ ಬಳಕೆಯಲ್ಲಿದೆ. ಅದರ ಗುಂಡಿಗಳು ವರ್ಷಗಟ್ಟಲೆ ಬಾಳುತ್ತವೆ, ಬ್ಯಾಟರಿ ಸೋತರೆ ಹೊಸದನ್ನು ಐದು ನಿಮಿಷದಲ್ಲಿ ಹಾಕಬಹುದು. ಆದರೆ ಹೆಬ್ಬೆರಳಿನಿಂದ ವಾಲಿಸುವ ಅನಲಾಗ್ ಸ್ಟಿಕ್ ಕೆಟ್ಟರೆ ಬಹುತೇಕರು ಇಡೀ ಕಂಟ್ರೋಲರನ್ನೇ ಮೂಲೆಗೆ ಹಾಕಿಬಿಡುತ್ತಾರೆ. "ಕೈ ಬಿಟ್ರೂ ಪ್ಲೇಯರ್ ತಾನಾಗೇ ಎಡಕ್ಕೆ ಹೋಗ್ತಾನೆ ಅಣ್ಣ" ಎಂದು ಹುಡುಗರು ಹೇಳುವ ಈ ದೋಷಕ್ಕೆ ಡ್ರಿಫ್ಟ್ ಎಂದು ಹೆಸರು. ಸೋಲ್ಡರಿಂಗ್ ಐರನ್ ಹಿಡಿಯಲು ಬರುವವರು ಮನೆಯಲ್ಲಿಯೇ ಇದನ್ನು ಸರಿಪಡಿಸಬಹುದು; ಹಳೆಯ ಬಗೆಯ ಸ್ಟಿಕ್‌ಗೆ ಬದಲಾಗಿ ಅಯಸ್ಕಾಂತದ ನೆರವಿನಿಂದ ಕೆಲಸ ಮಾಡುವ ಹಾಲ್ ಮಾಡ್ಯೂಲ್ (ಇಡೀ ಸ್ಟಿಕ್ಕಿನ ಬಿಡಿಭಾಗ) ಬೆಸೆದರೆ ಸವೆತದಿಂದ ಬರುವ ಡ್ರಿಫ್ಟ್ ಮತ್ತೆ ಕಾಡುವುದಿಲ್ಲ.

ಕೆಲಸಕ್ಕೆ ಕೈ ಹಾಕುವ ಮುನ್ನ ಒಂದು ಮಾತನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ಹಳೆಯ ಮಾಡ್ಯೂಲ್ ಹೇಗಿದ್ದರೂ ಕಸಕ್ಕೆ ಹೋಗುವ ವಸ್ತು, ಉಳಿಸಿಕೊಳ್ಳಬೇಕಾದದ್ದು ಅದನ್ನು ಬೆಸೆದಿರುವ ಸರ್ಕ್ಯೂಟ್ ಬೋರ್ಡ್. ಹಳೆಯದನ್ನು ಇಡಿಯಾಗಿ ಹೊರತೆಗೆಯಬೇಕೆಂಬ ಹಟದಿಂದ ಎಳೆದಾಡಿದಾಗಲೇ ಬೋರ್ಡಿನಲ್ಲಿ ಪಿನ್ನುಗಳನ್ನು ಬೆಸೆಯುವ ತಾಮ್ರದ ಪ್ಯಾಡ್‌ಗಳು ಕಿತ್ತು ಬರುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಳೆಯ ಮಾಡ್ಯೂಲನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆಯುವ ಕ್ರಮವನ್ನೇ ಅನುಸರಿಸಲಾಗಿದೆ. ಇದಕ್ಕೆ ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಮೊದಲ ಬಾರಿ ಮಾಡುವವರಿಗೆ ಇದಕ್ಕಿಂತ ಸುರಕ್ಷಿತವಾದ ದಾರಿ ಇಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಡ್ರಿಫ್ಟ್ ಏಕೆ ಬರುತ್ತದೆ

ಪ್ರತಿ ಸ್ಟಿಕ್ ಮಾಡ್ಯೂಲಿನ ಎರಡು ಬದಿಗಳಲ್ಲಿ ಎರಡು ಪುಟ್ಟ ಪೊಟೆನ್ಶಿಯೊಮೀಟರ್‌ಗಳಿರುತ್ತವೆ. ಒಂದು ಎಡ-ಬಲ ಚಲನೆಯನ್ನು, ಇನ್ನೊಂದು ಮೇಲೆ-ಕೆಳಗಿನ ಚಲನೆಯನ್ನು ಅಳೆಯುತ್ತದೆ. ಒಳಗೆ ಕಾರ್ಬನ್ ಲೇಪಿಸಿದ ಒಂದು ಪಟ್ಟಿ, ಅದರ ಮೇಲೆ ಒತ್ತಿಕೊಂಡು ಸರಿದಾಡುವ ಲೋಹದ ಒಂದು ಬೆರಳು. ಬೆರಳು ಪಟ್ಟಿಯ ಮೇಲೆ ಎಲ್ಲಿದೆ ಎಂಬುದಕ್ಕೆ ತಕ್ಕಂತೆ ನಡುವಿನ ಪಿನ್ನಿನಲ್ಲಿ ವೋಲ್ಟೇಜ್ ಬದಲಾಗುತ್ತದೆ, ಆ ವೋಲ್ಟೇಜನ್ನು ಓದಿ ಕಂಟ್ರೋಲರಿನ ಚಿಪ್ ಸ್ಟಿಕ್ಕಿನ ಸ್ಥಾನವನ್ನು ತಿಳಿಯುತ್ತದೆ. ಕೆಟ್ಟ ಪೊಟೆನ್ಶಿಯೊಮೀಟರನ್ನು ಬಿಚ್ಚಿ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದರೆ ಕಪ್ಪು ಪಟ್ಟಿಯ ಮೇಲೆ ಬೆರಳು ಓಡಾಡಿದ ಜಾಡು ಬೂದುಬಣ್ಣದ ಗೆರೆಯಾಗಿ ಹೊಳೆಯುತ್ತದೆ. ಆ ಗೆರೆ ಅತಿ ಹೆಚ್ಚು ಸವೆದಿರುವುದು ನಡುಭಾಗದಲ್ಲಿ, ಏಕೆಂದರೆ ಪ್ರತಿ ಬಾರಿ ಕೈ ಬಿಟ್ಟಾಗಲೂ ಸ್ಟಿಕ್ ಮರಳುವುದು ಅಲ್ಲಿಗೇ. ಸವೆದ ಪುಡಿಯೂ ಅಲ್ಲಿಯೇ ಗುಡ್ಡೆಯಾಗಿ ಸಂಪರ್ಕವನ್ನು ಕೆಡಿಸುತ್ತದೆ.

ಹಾಲ್ ಮಾಡ್ಯೂಲಿನಲ್ಲಿ ಹೀಗೆ ಉಜ್ಜುವ ಭಾಗವೇ ಇಲ್ಲ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ತತ್ತ್ವದಂತೆ, ಸ್ಟಿಕ್ಕಿಗೆ ಅಂಟಿಕೊಂಡ ಪುಟ್ಟ ಅಯಸ್ಕಾಂತ ತಿರುಗಿದಾಗ ಬದಲಾಗುವ ಕಾಂತಕ್ಷೇತ್ರವನ್ನು ಸಂವೇದಕವೊಂದು ಮುಟ್ಟದೆಯೇ ಅಳೆಯುತ್ತದೆ. ಇದು ಹೊಸ ಶೋಧವೂ ಅಲ್ಲ. 1998ರ ಸೆಗಾ ಡ್ರೀಮ್‌ಕಾಸ್ಟ್ ಕಂಟ್ರೋಲರಿನಲ್ಲಿಯೇ ಹಾಲ್ ಸಂವೇದಕಗಳಿದ್ದವು. ಈಚೆಗೆ ಟಿಎಂಆರ್ ಎಂಬ ಇನ್ನೊಂದು ಬಗೆಯ ಕಾಂತೀಯ ಮಾಡ್ಯೂಲ್‌ಗಳೂ ಸಿಗುತ್ತಿವೆ, ಅವುಗಳನ್ನು ಬೆಸೆಯುವ ಕ್ರಮವೂ ಇದೇ.

ಮಾಡ್ಯೂಲ್ ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿರಿ. ಯುಎಸ್‌ಬಿ ಕೇಬಲಿನಿಂದ ಕಂಟ್ರೋಲರನ್ನು ಕಂಪ್ಯೂಟರಿಗೆ ಜೋಡಿಸಿ, ಬ್ರೌಸರಿನಲ್ಲಿ ತೆರೆಯುವ ಗೇಮ್‌ಪ್ಯಾಡ್ ಪರೀಕ್ಷಾ ಪುಟದಲ್ಲಿ ಸ್ಟಿಕ್ಕಿನ ಅಂಕಿಗಳನ್ನು ನೋಡಿರಿ. ಕೈ ಬಿಟ್ಟಾಗ ಅಂಕಿ ಸೊನ್ನೆಯ ಆಸುಪಾಸಿನಲ್ಲಿ 0.05ರ ಒಳಗೆ ಸ್ಥಿರವಾಗಿ ನಿಂತರೆ ಚಿಂತೆಯಿಲ್ಲ, ಬಹುತೇಕ ಆಟಗಳು ಅಷ್ಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಕಿ ಸ್ಥಿರವಾಗಿದ್ದು ಸೊನ್ನೆಯಿಂದ ದೂರ ನಿಂತಿದ್ದರೆ ಕ್ಯಾಲಿಬ್ರೇಶನ್ (ಸ್ಟಿಕ್ಕಿನ ನಡು ಮತ್ತು ಅಂಚುಗಳನ್ನು ಕಂಟ್ರೋಲರಿಗೆ ಹೊಸದಾಗಿ ಗುರುತಿಸಿಕೊಡುವುದು) ಮಾತ್ರದಿಂದಲೇ ಸರಿಹೋಗಬಹುದು. ಅಂಕಿ ಕುಣಿಯುತ್ತಿದ್ದರೆ, ಅಥವಾ ಪ್ರತಿ ಬಾರಿ ಬೇರೆ ಬೇರೆ ಕಡೆ ನಿಲ್ಲುತ್ತಿದ್ದರೆ, ಪಟ್ಟಿ ಸವೆದಿದೆ ಎಂದೇ ಅರ್ಥ. ಸ್ಟಿಕ್ಕಿನ ಬುಡಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ತಿರುಗಿಸಿದರೆ ಕೆಲವು ವಾರ ಸುಧಾರಿಸುವುದುಂಟು. ಆದರೆ ಸವೆದ ಕಾರ್ಬನ್ ಮರಳಿ ಬರುವುದಿಲ್ಲ.

ಬೇಕಾದ ಸಾಮಾನು

ಮೊದಲನೆಯದು, ಉಷ್ಣತೆ ಹೊಂದಿಸಬಹುದಾದ 60 ವ್ಯಾಟಿನ ಸೋಲ್ಡರಿಂಗ್ ಐರನ್. ರೇಡಿಯೊ ರಿಪೇರಿಯ ಕಾಲದಿಂದ ಮನೆಮಾತಾಗಿರುವ 25 ವ್ಯಾಟಿನ ಐರನ್ ಸ್ಟಿಕ್ಕಿನ ಸ್ಥಾನದ ವೋಲ್ಟೇಜ್ ಸಾಗಿಸುವ ಸಂಕೇತದ ಪಿನ್‌ಗಳಿಗೆ ಸಾಕಾಗುತ್ತದೆ, ಆದರೆ ಗ್ರೌಂಡ್ (ವಿದ್ಯುತ್ ಮರಳುವ ದಾರಿ) ಕಾಲುಗಳ ಬಳಿ ಸೋಲುತ್ತದೆ, ಏಕೆಂದರೆ ಅಲ್ಲಿ ಬೋರ್ಡಿನ ಒಳಗೆ ಹರಡಿರುವ ತಾಮ್ರದ ಹಾಳೆ ಕೊಟ್ಟ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಸೂಜಿಯಂತೆ ಚೂಪಾದ ಬಿಟ್‌ಗಿಂತ ಉಳಿಯ ಬಾಯಿಯಂತೆ ಚಪ್ಪಟೆಯಾದ 2 ಮಿಲಿಮೀಟರ್ ಬಿಟ್ ಈ ಕೆಲಸಕ್ಕೆ ಉತ್ತಮ. ತಾಗುವ ಜಾಗ ಹೆಚ್ಚಿದಷ್ಟೂ ಶಾಖ ಬೇಗ ದಾಟುತ್ತದೆ.

ಸೋಲ್ಡರ್ ವೈರ್ 60/40 ಅಥವಾ 63/37 ತವರ-ಸೀಸದ ಮಿಶ್ರಣವಾಗಿರಲಿ, 22 ಗೇಜಿನದು ಸಾಕು. ಇದಕ್ಕೆ ಬಲವಾದ ಕಾರಣವಿದೆ. ಕಾರ್ಖಾನೆಯಲ್ಲಿ ಹಾಕಿರುವುದು ಸೀಸರಹಿತ ಸೋಲ್ಡರ್, ಅಂತಹವು ಕರಗುವುದು ಸಾಮಾನ್ಯವಾಗಿ 217 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ. 63/37 ಮಿಶ್ರಣ 183 ಡಿಗ್ರಿಯಲ್ಲಿಯೇ ಕರಗುತ್ತದೆ. ಹಳೆಯ ಬೆಸುಗೆಗೆ ಹೊಸ ಸೋಲ್ಡರ್ ಬೆರೆಸಿದರೆ ಎರಡೂ ಕೂಡಿ ಕಡಿಮೆ ಶಾಖಕ್ಕೆ ಕರಗುವುದರಿಂದ ಪ್ಯಾಡ್‌ಗಳು ಉಳಿಯುತ್ತವೆ. ಬಿಸ್ಮತ್ ಬೆರೆತ, ಇನ್ನೂ ಕಡಿಮೆ ಉಷ್ಣತೆಯಲ್ಲಿ ಕರಗುವ ಮಿಶ್ರಲೋಹವನ್ನು ಕೆಲವರು ಬಳಸುತ್ತಾರೆ. ಅದನ್ನು ಬಳಸುವುದಾದರೆ ಕೆಲಸ ಮುಗಿದ ಮೇಲೆ ಕೊನೆಯ ಕಣದವರೆಗೂ ಡಿಸೋಲ್ಡರಿಂಗ್ ಬತ್ತಿಗೆ ಹೀರಿಸಿ ತೆಗೆಯಬೇಕು, ಏಕೆಂದರೆ ತವರ, ಸೀಸ, ಬಿಸ್ಮತ್ ಮೂರೂ ಸೇರಿದರೆ ಸುಮಾರು 96 ಡಿಗ್ರಿಯಲ್ಲಿ ಕರಗುವ ದುರ್ಬಲ ಮಿಶ್ರಣವೊಂದು ಹುಟ್ಟುತ್ತದೆ. ದಿನವೂ ಒತ್ತಡ ಬೀಳುವ ಸ್ಟಿಕ್ಕಿನ ಬೆಸುಗೆಯಲ್ಲಿ ಅದು ಇರಬಾರದು.

ಇವುಗಳ ಜೊತೆಗೆ ಸೋಲ್ಡರ್ ಚೆನ್ನಾಗಿ ಹರಿದು ಹಿಡಿಯಲು ರಾಳದ ಫ್ಲಕ್ಸ್, ಕರಗಿದ ಸೋಲ್ಡರನ್ನು ಸೆಳೆದುಕೊಳ್ಳುವ ಸೋಲ್ಡರ್ ಸಕ್ಕರ್, ಅದನ್ನು ಹೀರುವ ತಾಮ್ರದ ಡಿಸೋಲ್ಡರಿಂಗ್ ಬತ್ತಿ, ಚೂಪು ಬಾಯಿಯ ಕಟರ್, ಟ್ವೀಜರ್, ಪಿಎಚ್00 ಅಳತೆಯ ಸ್ಕ್ರೂಡ್ರೈವರ್, ಮಲ್ಟಿಮೀಟರ್ ಹಾಗೂ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ನಲ್ಲಿ-ಪೈಪು ಬೆಸೆಯುವವರು ಬಳಸುವ ಆಮ್ಲದ ಫ್ಲಕ್ಸ್ ಬೋರ್ಡನ್ನು ತಿಂದುಹಾಕುತ್ತದೆ, ಅದು ಬೇಡವೇ ಬೇಡ. ಆಲ್ಕೋಹಾಲಿನ ಬದಲು ಕೈ ತೊಳೆಯುವ ಸ್ಯಾನಿಟೈಸರ್ ಕೂಡ ಸಲ್ಲದು. ಅದರಲ್ಲಿರುವ ನೀರು ಮತ್ತು ಗ್ಲಿಸರಿನ್ ಬೋರ್ಡಿನ ಮೇಲೆಯೇ ಉಳಿಯುತ್ತವೆ.

ಸೋಲ್ಡರ್, ಫ್ಲಕ್ಸ್, ಸಕ್ಕರ್ ಮೊದಲಾದ ಸಾಮಾನ್ಯ ವಸ್ತುಗಳಿಗೆ ತುಮಕೂರಿನ ಬಿ.ಎಚ್. ರಸ್ತೆ, ಎಂ.ಜಿ. ರಸ್ತೆಯ ಸುತ್ತಮುತ್ತಲಿನ ಮೊಬೈಲ್ ರಿಪೇರಿಯವರನ್ನು ವಿಚಾರಿಸಿದರೆ ದಾರಿ ತಿಳಿಯುತ್ತದೆ. ಒಳ್ಳೆಯ ಐರನ್, ಬಿಟ್, ಬತ್ತಿಗಳನ್ನು ಕೈಯಲ್ಲಿ ಹಿಡಿದು ಆರಿಸಬೇಕೆನ್ನುವವರು ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬರುವುದು ಒಳ್ಳೆಯದು. ಮಾಡ್ಯೂಲನ್ನು ಮಾತ್ರ ಎಲ್ಲಿ ಕೊಂಡರೂ, ಅದು ಡ್ಯುಯಲ್‌ಶಾಕ್ 4ಕ್ಕೆ ಹೊಂದುತ್ತದೆ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಿರಿ. ನೋಡಲು ಒಂದೇ ತೆರನಾಗಿದ್ದರೂ ಬೇರೆ ಬೇರೆ ಕಂಟ್ರೋಲರುಗಳ ಹಾಲ್ ಮಾಡ್ಯೂಲುಗಳು ಕೆಲಸ ಮಾಡುವ ವೋಲ್ಟೇಜ್ ಬೇರೆಯಾಗಿರಬಹುದು. ಒಂದು ಸ್ಟಿಕ್ ಕೆಟ್ಟಿದ್ದರೂ ಎರಡನ್ನೂ ಬದಲಿಸುವುದು ಮೇಲು, ಇಲ್ಲವಾದರೆ ಎಡಗೈಗೂ ಬಲಗೈಗೂ ಸ್ಟಿಕ್ಕಿನ ಬಿಗಿ ಬೇರೆಯಾಗುತ್ತದೆ.

ಸುರಕ್ಷತೆಯ ಬಗ್ಗೆ ಎರಡು ಮಾತು. ಐರನ್ನಿನ ಮೂರು ಪಿನ್ನಿನ ಪ್ಲಗ್‌ಗೆ ನಿಜವಾದ ಅರ್ಥಿಂಗ್ ಇರಬೇಕು. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ರಂಧ್ರಗಳಿದ್ದರೂ ಒಳಗೆ ಅರ್ಥ್ ತಂತಿಯೇ ಇರದಿರುವುದು ಅಪರೂಪವಲ್ಲ, ಆಗ ಐರನ್ನಿನಿಂದ ಸೋರುವ ವಿದ್ಯುತ್ ಬೋರ್ಡಿನ ಮೇಲಿನ ಚಿಪ್‌ಗೆ ಕುತ್ತಾಗಬಹುದು. ಸೋಲ್ಡರಿನಿಂದ ಏಳುವ ಹೊಗೆ ರಾಳದ್ದು, ಉಬ್ಬಸವಿರುವವರಿಗೆ ಅದು ಕೆಟ್ಟದ್ದು, ಕಿಟಕಿ ತೆರೆದಿರಲಿ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಬೇಡಿ, ಮಕ್ಕಳನ್ನು ಮೇಜಿನಿಂದ ದೂರವಿರಿಸಿರಿ.

ಬಿಚ್ಚುವ ಕ್ರಮ

ಕಂಟ್ರೋಲರಿನ ಬೆನ್ನಿನಲ್ಲಿ ನಾಲ್ಕು ಸ್ಕ್ರೂಗಳಿವೆ. ಅವನ್ನು ತೆಗೆದು, ಹಿಡಿಕೆಗಳ ಕಡೆಯಿಂದ ಎರಡು ಪ್ಲಾಸ್ಟಿಕ್ ಹೊರಚಿಪ್ಪುಗಳನ್ನು ಮೆಲ್ಲನೆ ಬಿಡಿಸಿರಿ. ಪ್ಲಾಸ್ಟಿಕ್ಕಿನ ಕೊಕ್ಕೆಗಳು ಟಕ್ ಎಂದು ಬಿಡುವುದು ಸಹಜ. ಚಿಪ್ಪುಗಳನ್ನು ಒಮ್ಮೆಲೇ ಅಗಲಿಸಬೇಡಿ, ಏಕೆಂದರೆ ಹಿಂಚಿಪ್ಪಿನಲ್ಲಿರುವ ಚಾರ್ಜಿಂಗ್ ಬೋರ್ಡಿಗೂ ಮುಖ್ಯ ಬೋರ್ಡಿಗೂ ತೆಳುವಾದ ರಿಬ್ಬನ್ ಕೇಬಲ್ ಒಂದು ಹಾದಿದೆ. ಅದನ್ನು ನೇರವಾಗಿ ಎಳೆದು ಬಿಡಿಸಿರಿ. ಎಲ್2, ಆರ್2 ಟ್ರಿಗರುಗಳ ಪುಟ್ಟ ಸ್ಪ್ರಿಂಗುಗಳು ಈ ಹಂತದಲ್ಲಿಯೇ ಹಾರಿಹೋಗುತ್ತವೆ. ದೊಡ್ಡ ತಟ್ಟೆಯೊಂದರ ಮೇಲೆ ಬಿಚ್ಚಿದರೆ ನೆಲದ ಮೇಲೆ ಹುಡುಕುವ ಕಷ್ಟ ತಪ್ಪುತ್ತದೆ.

ಮೊದಲು ಬ್ಯಾಟರಿಯ ಕನೆಕ್ಟರನ್ನು ಕೀಳಿರಿ, ಮಿಕ್ಕೆಲ್ಲವೂ ಆಮೇಲೆ. ಕೀಳುವಾಗ ತಂತಿಗಳನ್ನಲ್ಲ, ಬಿಳಿಯ ಪ್ಲಾಸ್ಟಿಕ್ ತುದಿಯನ್ನು ಹಿಡಿಯಬೇಕು. ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತದೆ, ಚುಚ್ಚದೆ ಬದಿಗಿಟ್ಟು ಹೊಸದನ್ನು ತರಿಸಿಕೊಳ್ಳಿ. ಅನಂತರ ಬ್ಯಾಟರಿಯ ತಟ್ಟೆ, ಬೋರ್ಡನ್ನು ಹಿಡಿದಿರುವ ಒಂದು ಸ್ಕ್ರೂ, ಟಚ್‌ಪ್ಯಾಡಿನ ಕೇಬಲ್ ಇವನ್ನು ಬಿಡಿಸಿದರೆ ಬೋರ್ಡ್ ಮೇಲೆ ಬರುತ್ತದೆ. ಕನೆಕ್ಟರಿಗೆ ಎತ್ತುವ ಬೀಗವಿದ್ದರೆ ಅದನ್ನು ತೆರೆದ ಮೇಲಷ್ಟೇ ಕೇಬಲ್ ಎಳೆಯಬೇಕು. ಹಿಡಿಕೆಗಳಲ್ಲಿರುವ ಎರಡು ಕಂಪನದ ಮೋಟರುಗಳ ತಂತಿಗಳು ಬೋರ್ಡಿಗೆ ಬೆಸೆದಿರುವುದರಿಂದ, ಮೋಟರುಗಳನ್ನು ಅವುಗಳ ಗೂಡಿನಿಂದ ಎತ್ತಿ ಬೋರ್ಡಿನ ಜೊತೆಗೇ ಹೊರತನ್ನಿರಿ. ಪ್ರತಿ ಹಂತದಲ್ಲಿಯೂ ಫೋನಿನಲ್ಲಿ ಒಂದು ಚಿತ್ರ ತೆಗೆದಿಡಿ. ಡ್ಯುಯಲ್‌ಶಾಕ್ 4ರ ಬೋರ್ಡ್ ಹಲವು ಆವೃತ್ತಿಗಳಲ್ಲಿ ಬಂದಿದೆ, ಜೆಡಿಎಂ-001ರಿಂದ ಜೆಡಿಎಂ-055ರವರೆಗಿನ ಸಂಖ್ಯೆ ಬೋರ್ಡಿನ ಮೇಲೆಯೇ ಮುದ್ರಿತವಾಗಿರುತ್ತದೆ. ಕೇಬಲ್ಲುಗಳ ಜೋಡಣೆ ಒಂದರಿಂದ ಒಂದಕ್ಕೆ ಅಲ್ಪಸ್ವಲ್ಪ ಬದಲಾಗುವುದರಿಂದ ಇನ್ನೊಬ್ಬರ ಚಿತ್ರಕ್ಕಿಂತ ನಿಮ್ಮ ಚಿತ್ರವೇ ನಂಬಿಕೆಗೆ ಅರ್ಹ. ಕೊನೆಯಲ್ಲಿ ಸ್ಟಿಕ್ಕಿನ ರಬ್ಬರ್ ಟೋಪಿಗಳನ್ನು ನೇರವಾಗಿ ಮೇಲಕ್ಕೆಳೆದು ತೆಗೆಯಿರಿ.

ಹಳೆಯ ಮಾಡ್ಯೂಲ್ ತೆಗೆಯುವುದು

ಒಂದು ಮಾಡ್ಯೂಲಿಗೆ ಒಟ್ಟು 14 ಬೆಸುಗೆಗಳು: ಎರಡು ಪೊಟೆನ್ಶಿಯೊಮೀಟರುಗಳಿಗೆ ಮೂರು ಮೂರರಂತೆ ಆರು, ಸ್ಟಿಕ್ ಒತ್ತಿದಾಗ ಕ್ಲಿಕ್ ಎನ್ನುವ ಸ್ವಿಚ್ಚಿಗೆ ನಾಲ್ಕು, ಲೋಹದ ಚೌಕಟ್ಟಿನ ಕಾಲುಗಳಿಗೆ ನಾಲ್ಕು. ಈ 14ನ್ನೂ ಒಂದೇ ಬಾರಿಗೆ ಕರಗಿಸಿ ಎತ್ತಬೇಕೆಂದರೆ ಸಾಮಾನ್ಯವಾಗಿ ಹಾಟ್ ಏರ್ ಯಂತ್ರ ಬೇಕು, ಆ ಬಿಸಿಗಾಳಿ ಸುತ್ತಲಿನ ಪ್ಲಾಸ್ಟಿಕ್ಕನ್ನೂ ಪುಟ್ಟ ಬಿಡಿಭಾಗಗಳನ್ನೂ ಹಾಳುಮಾಡುವ ಭಯವಿದೆ. ಕತ್ತರಿಸುವ ದಾರಿಯಲ್ಲಿ ಆ ಭಯವಿಲ್ಲ.

ಮಾಡ್ಯೂಲಿನ ಬದಿಯಲ್ಲಿ ಕಾಣುವ ಪೊಟೆನ್ಶಿಯೊಮೀಟರಿನ ಮೂರು ಪಿನ್ನುಗಳನ್ನು ಬೋರ್ಡಿನಿಂದ ಒಂದೆರಡು ಮಿಲಿಮೀಟರ್ ಮೇಲೆ, ಕಟರಿನಿಂದ ಒಂದೊಂದಾಗಿ ಕತ್ತರಿಸಿರಿ. ಅನಂತರ ಪೊಟೆನ್ಶಿಯೊಮೀಟರಿನ ಕೊಕ್ಕೆಗಳನ್ನು ಬಿಡಿಸಿದರೆ ಅದು ಚೌಕಟ್ಟಿನಿಂದ ಕಳಚಿ ಬರುತ್ತದೆ. ಇನ್ನೊಂದು ಬದಿಗೂ ಹೀಗೆಯೇ ಮಾಡಿ, ಸ್ವಿಚ್ಚಿನ ನಾಲ್ಕು ಕಾಲುಗಳನ್ನೂ ಕತ್ತರಿಸಿರಿ. ಕತ್ತರಿಸುವಾಗ ಕಟರಿನ ಹಿಂಬದಿ ಪಕ್ಕದ ಬಿಡಿಭಾಗಗಳಿಗೆ ತಾಗದಂತೆ ನೋಡಿಕೊಳ್ಳಬೇಕು, ಬೋರ್ಡನ್ನು ಮೀಟುಗೋಲಿಗೆ ಆಸರೆಯಾಗಿ ಬಳಸಲೇಬಾರದು.

ಈಗ ಉಳಿದಿರುವುದು ನಾಲ್ಕು ಕಾಲಿನ ಚೌಕಟ್ಟು. ಐರನ್ನನ್ನು 350 ಡಿಗ್ರಿಗೆ ಇಟ್ಟು, ಬೋರ್ಡಿನ ಹಿಂಬದಿಯಲ್ಲಿ ಪ್ರತಿ ಕಾಲಿಗೂ ಫ್ಲಕ್ಸ್ ಹಚ್ಚಿ ಹೊಸ ಸೋಲ್ಡರ್ ಧಾರಾಳವಾಗಿ ತುಂಬಿರಿ. ಇಲ್ಲಿ ಕಣ್ಣಿಟ್ಟು ನೋಡಬೇಕಾದ ಸಂಗತಿಯೊಂದಿದೆ: ಕಾರ್ಖಾನೆಯ ಬೆಸುಗೆ ಮಂಕಾಗಿ, ತರಿತರಿಯಾಗಿ ಕಾಣುತ್ತದೆ, ಬಿಟ್ ತಾಗಿಸಿ ಹೊಸ ಸೋಲ್ಡರ್ ಕೊಟ್ಟಾಗ ಮೊದಲು ಮೇಲ್ಭಾಗವಷ್ಟೇ ಹೊಳೆಯುತ್ತದೆ, ಇನ್ನೂ ಒಂದೆರಡು ಸೆಕೆಂಡ್ ಕಾದರೆ ಇಡೀ ಗುಳ್ಳೆ ಒಮ್ಮೆ ನಡುಗಿದಂತಾಗಿ ರಂಧ್ರದೊಳಕ್ಕೆ ಕುಸಿಯುತ್ತದೆ. ಆ ಕುಸಿತ ಕಂಡ ಮೇಲಷ್ಟೇ ಒಳಗಿನ ಹಳೆಯ ಸೋಲ್ಡರ್ ಕರಗಿದೆ ಎಂದು ತಿಳಿಯಬೇಕು. ಹಾಗೆ ಒಂದು ಬದಿಯ ಎರಡು ಕಾಲುಗಳನ್ನು ಬೆನ್ನುಬೆನ್ನಿಗೆ ಕಾಯಿಸುತ್ತ ಚೌಕಟ್ಟನ್ನು ಆ ಬದಿಯಲ್ಲಿ ಕೂದಲೆಳೆಯಷ್ಟು ಎತ್ತಿರಿ, ಅನಂತರ ಎದುರು ಬದಿಯನ್ನು. ನಾಲ್ಕಾರು ಸುತ್ತಿನಲ್ಲಿ ಅದು ತಾನಾಗಿ ಕೈಗೆ ಬರುತ್ತದೆ.

ಬೋರ್ಡಿನಲ್ಲಿ ಈಗ ಹತ್ತು ತುಂಡು ಪಿನ್ನುಗಳು ನಿಂತಿರುತ್ತವೆ. ಪ್ರತಿಯೊಂದನ್ನೂ ಹಿಂಬದಿಯಿಂದ ಕಾಯಿಸಿ, ಮುಂಬದಿಯಿಂದ ಟ್ವೀಜರಿನಲ್ಲಿ ಹಿಡಿದು ತೆಗೆಯಿರಿ. ಸೋಲ್ಡರ್ ಪೂರ್ತಿ ಕರಗಿದ್ದರೆ ಪಿನ್ ಯಾವ ಪ್ರತಿರೋಧವೂ ಇಲ್ಲದೆ ಜಾರಿ ಬರುತ್ತದೆ. ಬಾರದಿದ್ದರೆ ಎಳೆಯಬೇಡಿ, ಶಾಖ ತಲುಪಿಲ್ಲ ಎಂದರ್ಥ, ಬಿಟ್ಟನ್ನು ತೆಗೆದು ಬೋರ್ಡ್ ತಣಿಯಲು ಅರ್ಧ ನಿಮಿಷ ಕೊಟ್ಟು ಫ್ಲಕ್ಸ್ ಹಚ್ಚಿ ಮತ್ತೆ ಪ್ರಯತ್ನಿಸಿ.

ಕೊನೆಗೆ ರಂಧ್ರಗಳನ್ನು ಬಿಡಿಸಬೇಕು. ಖಾಲಿಯಾಗಿ ಕಾಣುವ ರಂಧ್ರಕ್ಕೂ ಮೊದಲು ಸ್ವಲ್ಪ ಹೊಸ ಸೋಲ್ಡರ್ ತುಂಬಿ, ಪೂರ್ತಿ ಕರಗಿದಾಗ ಸಕ್ಕರ್ ಒತ್ತಿದರೆ ಒಂದೇ ಏಟಿಗೆ ಸ್ವಚ್ಛವಾಗುತ್ತದೆ. ಗ್ರೌಂಡ್ ರಂಧ್ರಗಳಲ್ಲಿ ಒಂದು ಬದಿಯಿಂದ ಐರನ್ ಹಿಡಿದು ಇನ್ನೊಂದು ಬದಿಯಿಂದ ಸಕ್ಕರ್ ಇಡುವುದೇ ಸರಿಯಾದ ಉಪಾಯ, ಬೋರ್ಡನ್ನು ಹಿಡಿಯಲು ಮನೆಯವರ ಸಹಾಯ ಕೇಳಿರಿ. ಮೊಂಡು ರಂಧ್ರವಿದ್ದರೆ ಸೋಲ್ಡರ್ ಕರಗಿರುವಾಗ ಮರದ ಟೂತ್‌ಪಿಕ್ ತುದಿಯನ್ನು ತೂರಿಸಿ ತಣಿಯಲು ಬಿಡಬಹುದು. ಬತ್ತಿಯನ್ನು ಬಳಸುವಾಗ ಅದನ್ನು ಪ್ಯಾಡಿನ ಮೇಲೆ ಉಜ್ಜಬಾರದು, ಇಟ್ಟು ಕಾಯಿಸಿ ಎತ್ತಬೇಕು. ಆಲ್ಕೋಹಾಲಿನಿಂದ ತೊಳೆದ ಮೇಲೆ 14 ಪ್ಯಾಡುಗಳೂ ಉಂಗುರದಂತೆ ಇಡಿಯಾಗಿ ಕಾಣಬೇಕು.

ಒಂದು ಪ್ಯಾಡ್ ಕಿತ್ತು ಬಂದಿದ್ದರೂ ಬೋರ್ಡ್ ಸತ್ತಿಲ್ಲ. ಪೊಟೆನ್ಶಿಯೊಮೀಟರಿನ ಮೂರು ಪಿನ್ನುಗಳಲ್ಲಿ ನಡುವಿನದು ಸಂಕೇತದ್ದು, ಅಕ್ಕಪಕ್ಕದವು ವಿದ್ಯುತ್ ಮತ್ತು ಗ್ರೌಂಡ್. ಅಕ್ಕಪಕ್ಕದವು ಸಾಮಾನ್ಯವಾಗಿ ನಾಲ್ಕೂ ಪೊಟೆನ್ಶಿಯೊಮೀಟರುಗಳಿಗೆ ಸಮಾನವಾಗಿ ಹಂಚಿಹೋಗಿರುವುದರಿಂದ, ಮಲ್ಟಿಮೀಟರಿನ ಬೀಪ್ ಸದ್ದಿನಿಂದ ಖಚಿತಪಡಿಸಿಕೊಂಡು ಇನ್ನೊಂದು ಸ್ಟಿಕ್ಕಿನ ಅದೇ ಪಿನ್ನಿನಿಂದ ತೆಳು ತಂತಿ ಎಳೆದರೆ ಸಾಕು. ನಡುವಿನದು ಹೋದರೆ ಅದರ ತಾಮ್ರದ ಗೆರೆಯನ್ನು ಹುಡುಕಿ, ಮೇಲಿನ ಹಸಿರು ಲೇಪವನ್ನು ಬ್ಲೇಡಿನ ತುದಿಯಿಂದ ಒಂದು ಮಿಲಿಮೀಟರ್ ಕೆರೆದು, ಎನಾಮಲ್ ಲೇಪದ ತೆಳು ತಾಮ್ರದ ತಂತಿಯನ್ನು ಅಲ್ಲಿಗೆ ಬೆಸೆಯಬೇಕು.

ಹೊಸ ಮಾಡ್ಯೂಲ್ ಬೆಸೆಯುವುದು

ಮಾಡ್ಯೂಲಿನ 14 ಪಿನ್ನುಗಳೂ ನೆಟ್ಟಗಿವೆಯೇ ಎಂದು ನೋಡಿ, ಬಾಗಿದ್ದನ್ನು ಟ್ವೀಜರಿನಲ್ಲಿ ತಿದ್ದಿ, ಬಲ ಹಾಕದೆ ರಂಧ್ರಗಳಿಗೆ ಇಳಿಸಿರಿ. ಮೊದಲು ಚೌಕಟ್ಟಿನ ಒಂದೇ ಒಂದು ಕಾಲನ್ನು ಬೆಸೆಯಿರಿ. ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬದಿಯಿಂದ ನೋಡಿದಾಗ ಮಾಡ್ಯೂಲಿನ ಕೆಳಗೆ ಬೆಳಕು ಕಂಡರೆ ಅದು ಸಮವಾಗಿ ಕೂತಿಲ್ಲ. ಆ ಕಾಲನ್ನು ಮತ್ತೆ ಕಾಯಿಸುತ್ತ ಬೆರಳಿನಿಂದ ಮೇಲ್ಭಾಗವನ್ನು ಒತ್ತಿರಿ. ಓರೆಯಾಗಿ ಕೂತ ಮಾಡ್ಯೂಲ್ ಮುಂದೆ ಚಿಪ್ಪಿನ ಅಂಚಿಗೆ ತಾಗಿ, ಒಂದು ದಿಕ್ಕಿನಲ್ಲಿ ಪೂರ್ತಿ ವಾಲದೆ ಉಳಿಯುತ್ತದೆ. ಸಮವಾದ ಮೇಲೆ ಕರ್ಣದ ತುದಿಯ ಕಾಲನ್ನು, ಅನಂತರ ಉಳಿದವನ್ನು ಬೆಸೆಯಿರಿ. ಸಂಕೇತದ ಪಿನ್ನಿಗೆ ಎರಡು ಮೂರು ಸೆಕೆಂಡ್, ಗ್ರೌಂಡಿಗೆ ನಾಲ್ಕೈದು ಸೆಕೆಂಡ್ ಸಾಕು. ಒಳ್ಳೆಯ ಬೆಸುಗೆ ಪಿನ್ನಿನ ಸುತ್ತ ಒಳಬಾಗಿದ ಶಂಕುವಿನಂತೆ ಹೊಳೆಯುತ್ತದೆ; ಗೋಲಿಯಂತೆ ಉಬ್ಬಿದ್ದರೆ ಅದು ಪ್ಯಾಡಿಗೆ ಹಿಡಿದಿಲ್ಲ.

ಆಲ್ಕೋಹಾಲಿನಿಂದ ಫ್ಲಕ್ಸ್ ತೊಳೆದು, ಒಣಗಿದ ಮೇಲೆ ಅಕ್ಕಪಕ್ಕದ ಪಿನ್ನುಗಳ ನಡುವೆ ಮಲ್ಟಿಮೀಟರ್ ಬೀಪ್ ಮಾಡುತ್ತದೆಯೇ ಎಂದು ಪರೀಕ್ಷಿಸಿರಿ. ಬೀಪ್ ಬಂದಲ್ಲಿ ಸೋಲ್ಡರ್ ಸೇತುವೆಯಾಗಿರಬಹುದು. ಸ್ವಿಚ್ಚಿನ ಕೆಲವು ಕಾಲುಗಳು ಒಳಗೇ ಜೋಡಿಯಾಗಿರುವುದರಿಂದ, ಅಲ್ಲಿ ಬೀಪ್ ಬಂದರೆ ಇನ್ನೊಂದು ಸ್ಟಿಕ್ಕಿನ ಅದೇ ಕಾಲುಗಳ ಜೊತೆ ಹೋಲಿಸಿ ತೀರ್ಮಾನಿಸಿರಿ.

ಕ್ಯಾಲಿಬ್ರೇಶನ್

ಚಿಪ್ಪು ಮುಚ್ಚುವ ಮುನ್ನವೇ ಬ್ಯಾಟರಿಯನ್ನೂ ಚಾರ್ಜಿಂಗ್ ಬೋರ್ಡಿನ ಕೇಬಲನ್ನೂ ಜೋಡಿಸಿ ಕಂಪ್ಯೂಟರಿನಲ್ಲಿ ಪರೀಕ್ಷಿಸಬೇಕು. ಹೊಸ ಮಾಡ್ಯೂಲಿನ ನಡು ಹಳೆಯದರ ನಡುವಿಗೆ ಸರಿಹೊಂದುವುದಿಲ್ಲ, ಆದ್ದರಿಂದ ಅಂಕಿಗಳು ಆರಂಭದಲ್ಲಿ ಸೊನ್ನೆಯಿಂದ ದೂರವಿದ್ದರೆ ಗಾಬರಿಯಾಗಬೇಕಿಲ್ಲ. ಡ್ಯುಯಲ್‌ಶಾಕ್ 4ರ ಒಳಗೇ ಉಳಿದಿರುವ ಕ್ಯಾಲಿಬ್ರೇಶನ್ ಮೌಲ್ಯಗಳನ್ನು ತಿದ್ದುವ ಉಚಿತ ಸಾಧನಗಳು ಕ್ರೋಮ್ ಅಥವಾ ಎಡ್ಜ್ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತವೆ. ಅಸಲಿ ಕಂಟ್ರೋಲರುಗಳಲ್ಲಿ ಅವು ಕೆಲಸ ಮಾಡುತ್ತವೆ. ನಕಲಿಯವುಗಳಲ್ಲಿ ಬಹುಮಟ್ಟಿಗೆ ಮಾಡುವುದಿಲ್ಲ.

ಮೊದಲು ನಡು. ಸ್ಟಿಕ್ಕುಗಳನ್ನು ಸಾಧನ ಹೇಳಿದ ಮೂಲೆಗೆ ತಳ್ಳಿ, ಮೆಲ್ಲನೆ ಕೈಬಿಟ್ಟು, ಅದು ದಾಖಲಿಸಿಕೊಳ್ಳುವವರೆಗೆ ಮುಟ್ಟದಿರಿ. ನಾಲ್ಕು ಮೂಲೆಗಳಿಗೂ ಹೀಗೆ. ಅನಂತರ ವ್ಯಾಪ್ತಿ: ಸ್ಟಿಕ್ಕನ್ನು ಅಂಚಿಗೆ ತಾಗಿಸಿ ನಿಧಾನವಾಗಿ ಹಲವು ಸುತ್ತು ತಿರುಗಿಸಿರಿ. ಬದಲಾವಣೆಯನ್ನು ಮೊದಲು ತಾತ್ಕಾಲಿಕವಾಗಿ ಮಾತ್ರ ಉಳಿಸಿ, ಆಟವೊಂದರಲ್ಲಿ ನೋಡಿ, ತೃಪ್ತಿಯಾದ ಮೇಲಷ್ಟೇ ಶಾಶ್ವತವಾಗಿ ಬರೆಯಿರಿ. ಕೈಬಿಟ್ಟಾಗ ಅಂಕಿ 0.02ರ ಒಳಗೆ ನಿಂತು, ಸುತ್ತು ತಿರುಗಿಸಿದಾಗ ಬರುವ ವೃತ್ತದ ದೋಷ (ಜಾಡು ಸರಿಯಾದ ವೃತ್ತದಿಂದ ಎಷ್ಟು ಸರಿದಿದೆ ಎಂಬ ಅಳತೆ) 10 ಶೇಕಡಾದೊಳಗಿದ್ದರೆ ಕೆಲಸ ಚೆನ್ನಾಗಿ ಆಗಿದೆ. ಒಂದು ಅಕ್ಷ ಪೂರ್ತಿ ಒಂದು ತುದಿಯಲ್ಲಿಯೇ ಸಿಕ್ಕಿಕೊಂಡಿದ್ದರೆ ಅದು ಕ್ಯಾಲಿಬ್ರೇಶನ್ನಿನ ವಿಷಯವಲ್ಲ; ಆ ಬದಿಯ ಮೂರು ಪಿನ್ನುಗಳಲ್ಲಿ ಒಂದು ಹಿಡಿದಿಲ್ಲ, ಮತ್ತೆ ಕಾಯಿಸಬೇಕು.

ಮುಚ್ಚುವಾಗ ಬಿಚ್ಚಿದ ಕ್ರಮವನ್ನೇ ಹಿಮ್ಮುಖವಾಗಿ ಅನುಸರಿಸಿರಿ. ಮೋಟರಿನ ತಂತಿಗಳು ಚಿಪ್ಪುಗಳ ನಡುವೆ ಸಿಕ್ಕಿಕೊಳ್ಳದಿರಲಿ, ಟ್ರಿಗರಿನ ಸ್ಪ್ರಿಂಗುಗಳು ತಮ್ಮ ಗೂಡಿನಲ್ಲಿರಲಿ. ಸ್ಕ್ರೂಗಳನ್ನು ಬಿಗಿಯಾದೊಡನೆ ನಿಲ್ಲಿಸಬೇಕು, ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ಹಿಡಿಯುವ ಎಳೆ ಬೇಗ ಸವೆಯುತ್ತದೆ.

ಇದೇ ಕೌಶಲ ಬೇರೆ ಕಂಟ್ರೋಲರುಗಳಿಗೂ ಒದಗುತ್ತದೆ. ಪಿಎಸ್5ರ ಡ್ಯುಯಲ್‌ಸೆನ್ಸ್‌ನಲ್ಲಿಯೂ ಇಂತಹದೇ ಮಾಡ್ಯೂಲನ್ನು ಬೋರ್ಡಿಗೆ ಬೆಸೆದಿರುತ್ತಾರೆ, ಬಿಚ್ಚುವುದು ಮಾತ್ರ ಹೆಚ್ಚು ನಾಜೂಕು. ಎಕ್ಸ್‌ಬಾಕ್ಸ್ ಕಂಟ್ರೋಲರಿಗೆ ನಡುವೆ ರಂಧ್ರವಿರುವ ಟಿ8 ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕಾಗುತ್ತದೆ. ನಿಂಟೆಂಡೊ ಸ್ವಿಚ್ಚಿನ ಜಾಯ್-ಕಾನ್‌ನಲ್ಲಿ ಸ್ಟಿಕ್ ರಿಬ್ಬನ್ ಕೇಬಲಿನಿಂದ ಜೋಡಿಸಲ್ಪಟ್ಟಿರುವುದರಿಂದ ಐರನ್ ಹಚ್ಚುವ ಅಗತ್ಯವೇ ಬರುವುದಿಲ್ಲ.